ಉಣ್ಣಿ ಕಚ್ಚಿ ಜ್ವರ ಬಂದರೆ ಯಾವ ದಿನ ಯಾವ ಟೆಸ್ಟ್?

ಉಣ್ಣಿ ಕಚ್ಚಿ ವಾರವಾಗಿದೆ, ಜ್ವರ ಬಂದಿದೆ. ಮರುದಿನವೇ ಲ್ಯಾಬಿಗೆ ಹೋಗಿ ರಕ್ತ ಕೊಟ್ಟಿರಿ. ರಿಪೋರ್ಟ್ ನೆಗೆಟಿವ್. ಸದ್ಯ, ಬಚಾವ್ ಅನಿಸುತ್ತದೆ ಅಲ್ವಾ? ಸ್ವಲ್ಪ ತಡೆಯಿರಿ. ರಕ್ತ ತೆಗೆದದ್ದು ಜ್ವರದ ಎಷ್ಟನೇ ದಿನ ಎಂದು ತಿಳಿಯದೆ ಆ ಕಾಗದವನ್ನು ನಂಬುವ ಹಾಗಿಲ್ಲ.

ಹಾಗಾಗಿ ಮೊದಲ ಕೆಲಸ ಮನೆಯಲ್ಲೇ ಆಗಬೇಕು. ಉಣ್ಣಿ ಕಂಡ ದಿನ, ಜ್ವರ ಶುರುವಾದ ದಿನ, ಓಡಾಡಿದ ಜಾಗ, ನುಂಗಿದ ಮಾತ್ರೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ಜಾಗ ಯಾಕೆ ಅಂದರೆ, ಪಶ್ಚಿಮ ಘಟ್ಟದ ಕಾಡಾದರೆ ಮಂಗನ ಕಾಯಿಲೆ, ಅಮೆರಿಕ ಅಥವಾ ಯುರೋಪಿನ ಕಾಡಾದರೆ ಲೈಮ್ ಎಂಬ ಬ್ಯಾಕ್ಟೀರಿಯಾ ಕಾಯಿಲೆ ಡಾಕ್ಟರಿಗೆ ಮೊದಲು ನೆನಪಾಗುತ್ತದೆ. ಎಲ್ಲವನ್ನೂ ಹಿಡಿಯುವ ಒಂದೇ ಟೆಸ್ಟ್ ಇಲ್ಲ. ಕಿತ್ತ ಉಣ್ಣಿಯನ್ನು ಡಬ್ಬಿಯಲ್ಲಿ ಹಾಕಿ ಲ್ಯಾಬಿಗೆ ಒಯ್ಯುವುದೂ ಸುಮ್ನೆ ಖರ್ಚು. ಅದರಲ್ಲಿ ರೋಗಾಣು ಸಿಕ್ಕರೂ ನಿಮ್ಮ ಮೈಗೆ ದಾಟಿದೆ ಎಂದು ಹೇಳಲಾಗದು.

ಜ್ವರದ ಮೊದಲ ವಾರದಲ್ಲಿ ಪಿಸಿಆರ್, ಅಂದರೆ ರೋಗಾಣುವಿನ ಜೀನನ್ನೇ ಹುಡುಕುವ ಟೆಸ್ಟ್, ಕೈ ಹಿಡಿಯುತ್ತದೆ. ಮಂಗನ ಕಾಯಿಲೆಯ ವೈರಸ್ಸು, ಅನಾಪ್ಲಾಸ್ಮಾ ಬ್ಯಾಕ್ಟೀರಿಯಾ ಆಗ ರಕ್ತದಲ್ಲೇ ಇರುತ್ತವೆ. ಅನಾಪ್ಲಾಸ್ಮಾ ಹುಡುಕುವುದಾದರೆ ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ) ಟ್ಯೂಬಿನಲ್ಲಿ, ಆ್ಯಂಟಿಬಯಾಟಿಕ್ ಶುರುವಾಗುವ ಮುಂಚೆಯೇ ರಕ್ತ ತೆಗೆದರೆ ಒಳ್ಳೆಯದು. ಹಾಗಂತ ರಿಪೋರ್ಟಿಗಾಗಿ ಔಷಧಿ ತಡ ಮಾಡಬಾರದು. ಉಣ್ಣಿಯಿಂದ ಬರುವ ಸ್ಪಾಟೆಡ್ ಫೀವರ್ ಎಂಬ ಬ್ಯಾಕ್ಟೀರಿಯಾ ಜ್ವರದ ಅನುಮಾನ ಬಂದರೂ ಸಾಕು, ಡಾಕ್ಟರು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಶುರು ಮಾಡುತ್ತಾರೆ.

ಉಣ್ಣಿ ಹರಡುವ ಬೆಬೀಸಿಯಾ ಎಂಬ ಪರಾವಲಂಬಿಗೆ ಇಂದಿಗೂ ಹಳೆಯ ಸೂಕ್ಷ್ಮದರ್ಶಕವೇ ಆಧಾರ. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತ ಸವರಿ, ಜೀಮ್ಸಾ ಬಣ್ಣ ಹಾಕಿ ನೋಡುತ್ತಾರೆ. ಕೆಂಪು ರಕ್ತಕಣದೊಳಗೆ ಪುಟ್ಟ ಪುಟ್ಟ ಉಂಗುರ ಕಾಣುತ್ತವೆ. ಥೇಟ್ ಮಲೇರಿಯಾ! ಪಳಗಿದ ಕಣ್ಣು ಮಾತ್ರ ಇನ್ನೂ ಹುಡುಕುತ್ತದೆ. ಮಲೇರಿಯಾದಲ್ಲಿ ಕಾಣುವ ಕಂದು ಬಣ್ಣದ ಕಣಗಳು ಇಲ್ಲಿ ಇರುವುದಿಲ್ಲ. ಅಪರೂಪಕ್ಕೆ ನಾಲ್ಕು ಮರಿಗಳು ಕೂಡಿಕೊಂಡು ಶಿಲುಬೆಯ ಆಕಾರ ಕಂಡರೆ ಅದು ಬೆಬೀಸಿಯಾ ಎಂದೇ ಲೆಕ್ಕ.

ಇನ್ನು ಆ್ಯಂಟಿಬಾಡಿ ಪರೀಕ್ಷೆ. ಜಾಸ್ತಿ ಗೊಂದಲ ಆಗುವುದು ಇಲ್ಲೇ. ರೋಗಾಣುವಿನ ವಿರುದ್ಧ ಹೋರಾಡುವ ಈ ಪ್ರೋಟೀನನ್ನು ಮೈ ತಯಾರಿಸಲು ದಿನ ಹಿಡಿಯುತ್ತದೆ. ಸ್ಪಾಟೆಡ್ ಫೀವರಿಗೆ ಮೊದಲ ವಾರ ಒಮ್ಮೆ, 2ರಿಂದ 4 ವಾರ ಬಿಟ್ಟು ಇನ್ನೊಮ್ಮೆ ರಕ್ತ ಬೇಕು. ಐಜಿಜಿ ಎಂಬ ಆ್ಯಂಟಿಬಾಡಿಯ ಮಟ್ಟ 1:64 (ಮಾದರಿಯನ್ನು 64 ಪಟ್ಟು ತೆಳು ಮಾಡಿದರೂ ಸಿಗುವಷ್ಟು) ಇದ್ದದ್ದು 1:256ಕ್ಕೆ, ಅಂದರೆ ನಾಲ್ಕು ಪಟ್ಟು ಏರಿದರೆ ರೋಗ ಖಾತ್ರಿ. ಜ್ವರ ಬಿಟ್ಟ ಮೇಲೆ ಎರಡನೇ ಸಲ ಸೂಜಿ ಚುಚ್ಚಿಸಿಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ! ಅರ್ಧಕ್ಕರ್ಧ ಉತ್ತರ ಅಲ್ಲೇ ಕಳೆದುಹೋಗುತ್ತದೆ.

ಲೈಮ್ ಪರೀಕ್ಷೆಗೆ ಎರಡು ಮೆಟ್ಟಿಲು. ಮೊದಲು ಎಲೈಸಾ ಎಂಬ ಆ್ಯಂಟಿಬಾಡಿ ಟೆಸ್ಟ್. ಅದರಲ್ಲಿ ಪಾಸಿಟಿವ್ ಅಥವಾ ಅನುಮಾನ ಬಂದರೆ ಮಾತ್ರ ವೆಸ್ಟರ್ನ್ ಬ್ಲಾಟ್, ಅಂದರೆ ಆ್ಯಂಟಿಬಾಡಿಗಳನ್ನು ಪಟ್ಟಿಯ ಮೇಲೆ ಗೆರೆಗಳಾಗಿ ತೋರಿಸುವ ಟೆಸ್ಟ್. ಅದರ ಐಜಿಜಿ ಪಟ್ಟಿಯಲ್ಲಿ 10ರಲ್ಲಿ ಕನಿಷ್ಠ 5 ಗೆರೆ ಮೂಡಬೇಕು. ಕಚ್ಚಿದ ಜಾಗದ ಸುತ್ತ ದಿನೇ ದಿನೇ ಅಗಲವಾಗುವ ಕೆಂಪು ಮಚ್ಚೆ ಎದ್ದಿದ್ದರೆ ಈ ಎರಡೂ ಬೇಡ, ಅದನ್ನು ನೋಡಿಯೇ ಚಿಕಿತ್ಸೆ ಕೊಡುತ್ತಾರೆ. ವಾಸಿಯಾಯಿತೇ ಎಂದು ನೋಡಲು ಮತ್ತೆ ಟೆಸ್ಟ್ ಮಾಡಿಸಿ ಗಾಬರಿಯಾಗಬೇಡಿ. ಲೈಮ್ ಆ್ಯಂಟಿಬಾಡಿ ಗುಣವಾದ ಮೇಲೂ ವರ್ಷಗಟ್ಟಲೆ ರಕ್ತದಲ್ಲಿ ಉಳಿಯಬಹುದು.