ಕ್ಯಾಲಿಫೋರ್ನಿಯದಲ್ಲಿ ಮಕ್ಕಳ ತಂಡಕ್ಕೆ ಮೈದಾನ ಪಡೆಯುವುದು ಹೇಗೆ?

ಮೈಸೂರಿನ ಮಹಾರಾಜ ಕಾಲೇಜು ಮೈದಾನವಿರಲಿ, ಮಂಡ್ಯದ ಬಡಾವಣೆಯ ಖಾಲಿ ಸೈಟಿರಲಿ, ಬೆಳಿಗ್ಗೆ ಮೊದಲು ಹೋಗಿ ಸ್ಟಂಪ್ ನೆಟ್ಟವರದೇ ಪಿಚ್. ಕ್ಯಾಲಿಫೋರ್ನಿಯದಲ್ಲಿ ಆ ಲೆಕ್ಕ ನಡೆಯದು. ಪಾರ್ಕ್ ಎಲ್ಲರದೇ ಆದರೂ ತಂಡ ಕಟ್ಟಿ ಆಡಿಸಲು ಪರ್ಮಿಟ್ ಬೇಕು. ಪರ್ಮಿಟ್ ಇದ್ದವರು ಬಂದರೆ, ನೀವೇ ಮೊದಲು ಬಂದಿದ್ದರೂ ಜಾಗ ಬಿಡಬೇಕು.

ಹಂಚುವುದು ನಗರದ ಪಾರ್ಕ್ಸ್ ಅಂಡ್ ರಿಕ್ರಿಯೇಶನ್ ಇಲಾಖೆ. ಊರಿಗೊಂದು ನಿಯಮ, ಸೀಸನ್‌ಗೆ ತಿಂಗಳುಗಳ ಮೊದಲೇ ಅರ್ಜಿಯ ಗಡುವು ಮುಗಿದಿರುತ್ತದೆ. ನಗರದ ಸ್ವಂತ ಕಾರ್ಯಕ್ರಮಗಳ ನಂತರ ಸಾಮಾನ್ಯವಾಗಿ ಲಾಭರಹಿತ ಸ್ಥಳೀಯ ಮಕ್ಕಳ ತಂಡಗಳ ಸರದಿ. ವಯಸ್ಕರು, ವ್ಯಾಪಾರಿ ಅಕಾಡೆಮಿಗಳು ಆಮೇಲೆ. ಹಾಗಾಗಿ ವಾಟ್ಸಾಪ್ ಗುಂಪಿನ ಹೆಸರಲ್ಲಿ ಅರ್ಜಿ ಹಾಕಿ ಪ್ರಯೋಜನವಿಲ್ಲ. ನಿಮ್ಮ ಕನ್ನಡ ಕೂಟಕ್ಕೆ 501(ಸಿ)(3), ಅಂದರೆ ತೆರಿಗೆ ವಿನಾಯಿತಿಯ ಲಾಭರಹಿತ ಸಂಸ್ಥೆಯ ಮಾನ್ಯತೆ ಇದ್ದರೆ ಅದರಡಿಯಲ್ಲೇ ತಂಡ ಕಟ್ಟಿ. ಹೊಸ ಸಂಸ್ಥೆ ನೋಂದಾಯಿಸುವುದಕ್ಕಿಂತ ಅದೇ ಸುಲಭ.

ಮುಗ್ಗರಿಸುವುದು ಹೆಚ್ಚಾಗಿ ಕಾಗದಪತ್ರದಲ್ಲಿ. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದೇ ನಗರದವರಾಗಿರಬೇಕೆಂದು ಅನೇಕ ಊರುಗಳು ಕೇಳುತ್ತವೆ. ಪಕ್ಕದೂರಿನ ಸ್ನೇಹಿತರ ಮಕ್ಕಳನ್ನೆಲ್ಲ ಸೇರಿಸಿಕೊಂಡರೆ ಸರದಿ ಹಿಂದೆ ಬೀಳುತ್ತದೆ, ಬಾಡಿಗೆ ಏರುತ್ತದೆ. ಅಪಘಾತವಾದರೆ ಪರಿಹಾರ ಕೊಡುವ ಹೊಣೆಗಾರಿಕೆ ವಿಮೆಯೂ ಬೇಕು, ಅದರ ರಕ್ಷಣೆ ಸಾಮಾನ್ಯವಾಗಿ ಪ್ರತಿ ಘಟನೆಗೆ 10 ಲಕ್ಷ ಡಾಲರ್. ಬರೀ ಪ್ರಮಾಣಪತ್ರ ಸಾಲದು, ನಗರವನ್ನು ‘ಅಡಿಷನಲ್ ಇನ್ಶೂರ್ಡ್’ (ಅದೇ ವಿಮೆಯ ರಕ್ಷಣೆ ನಗರಕ್ಕೂ) ಎಂದು ಸೇರಿಸಿದ ಪ್ರತ್ಯೇಕ ಪುಟವೂ ಬೇಕು. ತಿಂಗಳಿಗೆ 16 ಗಂಟೆ ಅಥವಾ ವರ್ಷಕ್ಕೆ 32 ಗಂಟೆ ಮೀರಿ ಮಕ್ಕಳೊಂದಿಗಿರುವ ವಯಸ್ಕ ಸ್ವಯಂಸೇವಕರು 2022ರಿಂದ ಬೆರಳಚ್ಚು ತಪಾಸಣೆಗೆ ಒಳಪಡಲೇಬೇಕು. ಅಪ್ಪ-ಅಮ್ಮಂದಿರೇ ಕೋಚ್ ಆದರೂ ವಿನಾಯಿತಿ ಇಲ್ಲ.

ಕ್ರಿಕೆಟ್ ಕೇಳುವವರು ನಕ್ಷೆ ಲಗತ್ತಿಸಿ. ಕಚೇರಿಯವರಿಗೆ ಸಾಕರ್, ಬೇಸ್‌ಬಾಲ್ ಗೊತ್ತು, 22 ಗಜದ ಪಿಚ್ ಗೊತ್ತಿರಲಿಕ್ಕಿಲ್ಲ. ಎರಡು ಸಾಕರ್ ಅಂಕಣಗಳ ನಡುವೆ ಸುತ್ತಿಡಬಹುದಾದ ಮ್ಯಾಟ್, ಟೆನಿಸ್ ಚೆಂಡು, ಮನೆಗಳಿಂದ ಎಷ್ಟು ದೂರ ಎಂಬುದನ್ನೆಲ್ಲ ಬರೆದು ತೋರಿಸಿದರೆ ಅವರ ಮೊದಲ ಆತಂಕ ಅಲ್ಲೇ ಕರಗುತ್ತದೆ.

ಎಲ್ಲ ಸರಿಯಿದ್ದೂ ‘ಜಾಗ ಖಾಲಿಯಿಲ್ಲ’ ಎಂಬ ಉತ್ತರ ಬರಬಹುದು. ಹಳೆಯ ಲೀಗುಗಳಿಗೆ ಹಿಂದಿನ ವರ್ಷದ ಸಮಯವೇ ಮತ್ತೆ ಸಿಗುವ ಪದ್ಧತಿ ಅನೇಕ ಕಡೆ ಇದೆ. ಹೊಸಬರಿಗೆ ಇದು ನಿಜಕ್ಕೂ ಅನ್ಯಾಯ, ಸುಮ್ಮನೆ ಒಪ್ಪಿಕೊಳ್ಳಬೇಡಿ. ಹಂಚಿಕೆಯ ಪಟ್ಟಿಯನ್ನು ಸಾರ್ವಜನಿಕ ದಾಖಲೆಯಾಗಿ ಕೇಳಿ. ಕೊಡುತ್ತೇವೋ ಇಲ್ಲವೋ ಎಂದು ಅವರು ಸಾಮಾನ್ಯವಾಗಿ 10 ದಿನದೊಳಗೆ ತಿಳಿಸಬೇಕು. ಪರ್ಮಿಟ್ ಇದ್ದೂ ಖಾಲಿ ಬಿದ್ದಿರುವ ಸಂಜೆಗಳನ್ನು ನಾಲ್ಕು ವಾರ ಗುರುತು ಹಾಕಿಕೊಂಡು, ನಗರದ ಪಾರ್ಕ್ ಆಯೋಗದ ಸಾರ್ವಜನಿಕ ಸಭೆಯಲ್ಲಿ ಮುಂದಿಡಿ. ಮಾಮೂಲಿ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಪ್ರಕಟವಾಗುತ್ತದೆ. ಮಾತಾಡಲು ಪೌರತ್ವ ಬೇಕಿಲ್ಲ.

ಹೆಣ್ಣುಮಕ್ಕಳ ತಂಡವಿದ್ದರೆ ಇನ್ನೂ ಗಟ್ಟಿ ಆಧಾರವಿದೆ: ಮಕ್ಕಳ ಕ್ರೀಡೆಗೆ ಮೈದಾನ ಹಂಚುವಾಗ ನಗರ ಗಂಡು-ಹೆಣ್ಣೆಂದು ಭೇದ ಮಾಡುವಂತಿಲ್ಲ ಎಂಬ ಕಾನೂನು 2004ರಲ್ಲೇ ಬಂದಿದೆ.

ಪಾರ್ಕ್ ಸಿಗದಿದ್ದರೆ ಸರ್ಕಾರಿ ಶಾಲೆಯ ಮೈದಾನ ಕೇಳಿ. ಸಿವಿಕ್ ಸೆಂಟರ್ ಆಕ್ಟ್ ಎಂಬ ರಾಜ್ಯದ ಕಾನೂನಿನ ಪ್ರಕಾರ, ಶಾಲೆಯ ಕೆಲಸಕ್ಕೆ ಅಡ್ಡಿಯಾಗದಂತೆ ಮಕ್ಕಳ ಲಾಭರಹಿತ ಸಂಘಗಳಿಗೆ ಅದು ತೆರೆದಿರಬೇಕು. ಅರ್ಜಿ ಹೋಗಬೇಕಾದ್ದು ಪ್ರಿನ್ಸಿಪಾಲರಿಗಲ್ಲ, ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಕಚೇರಿಗೆ.