ಬೆಳಗಿನ ಒಂದು ತಾಸು ಕೊಡಿ: ಕೊಪ್ಪಳ ಕಡೆಯ ಮದುವೆಗಳಲ್ಲಿ ಫೋಟೋ ತೆಗೆದ ನನ್ನ ಅನುಭವ

ಗಂಗಾವತಿ, ಕುಕನೂರು, ಯಲಬುರ್ಗಾ, ಕೊಪ್ಪಳ. ಈ ಊರುಗಳ ಮದುವೆಗಳಲ್ಲಿ ಫೋಟೋ ತೆಗೆಯುವುದೇ ನನ್ನ ಕೆಲಸ. ಒಂದು ಸ್ಟುಡಿಯೋದಲ್ಲಿ ಸನ್‌ಗನ್ ಲೈಟ್ ಹಿಡಿಯುವ ಹುಡುಗನಾಗಿ ಶುರು ಮಾಡಿದೆ. ಆ ಲೈಟಿನ ಬಿಸಿಗೆ ಮದುಮಗಳ ಹಣೆಯಲ್ಲಿ ಬೆವರು ಇಳಿಯುವುದನ್ನು ನೂರು ಸಲ ನೋಡಿದ್ದೇನೆ. ಲೈಟು, ಕ್ಯಾಮೆರಾ, ಲೆನ್ಸು ಎಲ್ಲ ಆಮೇಲೆ ಕಲಿತೆ. ಆದರೆ ನನ್ನ ಕೆಲಸದ ರೀತಿಯನ್ನೇ ಬದಲಿಸಿದ್ದು ಒಂದು ಹುಡುಗಿ ಕೇಳಿದ ಪ್ರಶ್ನೆ.

ಯಲಬುರ್ಗಾ ಕಡೆಯ ಒಂದು ಹಳ್ಳಿ ಮದುವೆ ಅದು. ತಿಂಗಳ ಮೇಲೆ ಆಲ್ಬಮ್ ಕೊಡಲು ಹೋದೆ. ಹುಡುಗಿ ಒಂದು ಸಲ ಪೂರ್ತಿ ತಿರುವಿ ಹಾಕಿದಳು. ಆಮೇಲೆ ಕೊನೆಯ ಪುಟದಿಂದ ಹಿಂದಕ್ಕೆ ತಿರುವಿದಳು.

"ಅಣ್ಣಾ, ನಮ್ಮ ಆಯಿ ಎಲ್ಲೂ ಕಾಣವಲ್ಲಳಲ್ರೀ?"

ಅವಳನ್ನು ಚಿಕ್ಕಂದಿನಿಂದ ಸಾಕಿದವಳು ಆ ಅಜ್ಜಿ. ಮನೆಗೆ ಬಂದು ಆವತ್ತಿನ ಎರಡು ಸಾವಿರಕ್ಕೂ ಜಾಸ್ತಿ ಫೋಟೋ ಒಂದೊಂದಾಗಿ ನೋಡಿದೆ. ಒಂದರಲ್ಲಿ ಮಾತ್ರ, ದೂರದಲ್ಲಿ, ಕಂಬಕ್ಕೆ ಒರಗಿ ಕೂತ ಅಜ್ಜಿಯ ಅರ್ಧ ಮುಖ ಸಿಕ್ಕಿತು. ಸ್ಟೇಜ್ ಎದೆಮಟ್ಟ ಇತ್ತು. ಮೆಟ್ಟಿಲಿಗೆ ಇಟ್ಟ ಹಲಗೆ ಅಲುಗಾಡುತ್ತಿತ್ತು. ಅಜ್ಜಿ ಹತ್ತಲಿಲ್ಲ, ನಾನು ಇಳಿಯಲಿಲ್ಲ. ಮುಂದಿನ ವಾರ ಕ್ಯಾಮೆರಾ ತಗೊಂಡು ಅವರ ಮನೆಗೆ ಹೋಗಿ ಇಬ್ಬರದೂ ಒಂದು ಫೋಟೋ ತೆಗೆದೆ. ಹುಡುಗಿ ಅದೇ ಸೀರೆ ಉಟ್ಟಿದ್ದಳು. ಆದರೆ ಕೈಯ ಮದರಂಗಿ ಮಾಸಿ ಹೋಗಿತ್ತು.

ಅಂದಿನಿಂದ ಮದುವೆಯ ಕೆಲಸ ಒಪ್ಪಿಕೊಂಡ ಕೂಡಲೇ ನಾನು ಕೇಳುವ ಮೊದಲ ಮಾತು: ಮದುವೆ ದಿನ ಬೆಳಿಗ್ಗೆ ಒಂದು ತಾಸು ನನಗೆ ಕೊಡಿ, ಮನೆಯಲ್ಲಿ, ಸ್ಟೇಜ್ ಹತ್ತುವ ಮೊದಲು.

ನಮ್ಮ ಕಡೆ ಲಗ್ನ ಹೆಚ್ಚಾಗಿ ಮಧ್ಯಾಹ್ನ ಹನ್ನೆರಡೂವರೆ ಆಸುಪಾಸು. ಅಕ್ಕಿಕಾಳು, ಅಂದರೆ ಅಕ್ಷತೆ, ಬಿದ್ದ ಮೇಲೆ ಎಲ್ಲರ ಗಮನ ಊಟದ ಕಡೆ. ಆಮೇಲೆ ಸ್ಟೇಜ್ ಮೇಲೆ ಉಡುಗೊರೆ ಕೊಡುವವರ ಸಾಲು. ಯುಗಾದಿ ಆದ ಮೇಲಿನ ಮದುವೆಗಳಲ್ಲಂತೂ ನಲವತ್ತು ಡಿಗ್ರಿ ಬಿಸಿಲು, ಮದುಮಕ್ಕಳ ಮುಖ ಅಷ್ಟೊತ್ತಿಗೆ ಸೋತು ಹೋಗಿರುತ್ತದೆ. ಬೆಳಿಗ್ಗೆ ಏಳರಿಂದ ಎಂಟೂವರೆ ಒಳಗೆ ಮನೆಯ ಅಂಗಳದಲ್ಲಿ ಬೆಳಕು ಮೆತ್ತಗಿರುತ್ತದೆ. ಗೋಡೆಯ ನೆರಳಲ್ಲಿ ನಾಲ್ಕು ಕುರ್ಚಿ ಹಾಕುತ್ತೇನೆ. ವಯಸ್ಸಾದವರು ಕೂಡುತ್ತಾರೆ, ಉಳಿದವರು ಹಿಂದೆ ನಿಲ್ಲುತ್ತಾರೆ. ಯಾರೂ ಮೆಟ್ಟಿಲು ಹತ್ತಬೇಕಿಲ್ಲ. ಮೊಣಕಾಲು ನೋಯುವ ಅಜ್ಜಿ ಹೊರಸಿನ ಮೇಲೆ ಕೂತಿದ್ದರೆ ಮದುಮಗಳನ್ನೇ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಯಾರು ಯಾರಿಗೆ ಏನಾಗಬೇಕು ಅಂತ ನನಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಪ್ರತಿ ಮನೆಯಲ್ಲಿ ಒಬ್ಬರು ಇರುತ್ತಾರೆ. ನಾನು ಕಂಡಂತೆ ಅದು ಹುಡುಗಿಯ ಸೋದರತ್ತೆ. ಮದುವೆಗೆ ಎರಡು ದಿನ ಮೊದಲೇ ಅವರ ಹತ್ತಿರ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಅಜ್ಜ ಅಜ್ಜಿ, ಕಾಕಾ, ಸೋದರಮಾವ, ದುಡಿಯಲು ದೂರ ಹೋಗಿ ಮದುವೆಗಂತಲೇ ಬಂದವರು, ಸಾಲಿ ಗೆಳತಿಯರು. ಮಾತಾಡದೆ ಮುನಿಸಿಕೊಂಡ ಅಣ್ಣತಮ್ಮಂದಿರಿದ್ದರೆ ಅದನ್ನೂ ಅತ್ತೆಯೇ ಮೆಲ್ಲಗೆ ಹೇಳುತ್ತಾರೆ. ಅವರನ್ನು ಬೇರೆ ಬೇರೆ ನಿಲ್ಲಿಸುತ್ತೇನೆ. ಬೆಳಿಗ್ಗೆ ಆ ಹಾಳೆ ಅತ್ತೆಯ ಕೈಯಲ್ಲೇ ಇರುತ್ತದೆ. ಅವರು ಕೂಗಿ ಕರೆದರೆ ಬರುವಷ್ಟು ಬೇಗ ನಾನು ಕರೆದರೆ ಯಾರೂ ಬರುವುದಿಲ್ಲ.

ಈಗ ಫೋನ್ ಮಾಡುವ ಹುಡುಗರೆಲ್ಲ ಕೇಳುವುದು ಒಂದೇ: "ಕ್ಯಾಂಡಿಡ್ ಮಾಡ್ತೀರೇನ್ರಿ ಸರ್?" ಮಾಡುತ್ತೇನೆ, ಪ್ರೀತಿಯಿಂದ ಮಾಡುತ್ತೇನೆ. ಯಾರೂ ಕ್ಯಾಮೆರಾ ನೋಡದೆ ತಮ್ಮ ಪಾಡಿಗೆ ತಾವು ಇದ್ದಾಗ ಸಿಗುವ ಫೋಟೋಗೆ ಒಂದು ಜೀವ ಇರುತ್ತದೆ. ಆದರೆ ಬರೀ ಕ್ಯಾಂಡಿಡ್ ಸಾಕು ಅಂದರೆ ಒಪ್ಪುವುದಿಲ್ಲ. ಎಲ್ಲರೂ ಸಾಲಾಗಿ ನಿಂತು ನೇರ ನೋಡುವ ಟ್ರೆಡಿಷನಲ್ ಫೋಟೋ ಇರಲೇಬೇಕು. ಹತ್ತು ವರ್ಷ ಆದ ಮೇಲೆ ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು, ಬೆರಳಿಟ್ಟು, ಇವರು ನಿನ್ನ ಮುತ್ತಜ್ಜ ಅಂತ ತೋರಿಸುವುದು ಆ ಫೋಟೋದಲ್ಲೇ. ಅದಕ್ಕೇ ಇಬ್ಬರು ಹೋಗುತ್ತೇವೆ. ಒಬ್ಬರು ಟ್ರೆಡಿಷನಲ್, ಒಬ್ಬರು ಕ್ಯಾಂಡಿಡ್. ವಿಡಿಯೋದವರು ಬೇರೆ.

ಕ್ಯಾಂಡಿಡ್ ತೆಗೆಯುವವನಿಗೆ ಶಾಸ್ತ್ರ ಗೊತ್ತಿರಬೇಕು. ಸುರಗಿ ಸುತ್ತುವಾಗ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತುತ್ತಾರೆ, ನಡುವೆ ಕೂತವರಿಗೆ ನೀರು ಹಾಕುತ್ತಾರೆ. ನೀರು ಬೀಳುವ ಆ ಕ್ಷಣಕ್ಕೆ ಮುಖದಲ್ಲಿ ಬರುವ ನಗು ಮತ್ತೆ ಬರುವುದಿಲ್ಲ. ಯಾವ ಕಡೆಯಿಂದ ನೀರು ಬೀಳುತ್ತದೆ ಅಂತ ಗೊತ್ತಿದ್ದವನು ಎದುರು ಕೂತಿರುತ್ತಾನೆ. ಗೊತ್ತಿಲ್ಲದವನಿಗೆ ಹೆಂಗಸರ ಬೆನ್ನು ಸಿಗುತ್ತದೆ.

ಬೆಳಕಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕಂದ್ರೆ ಫೋಟೋ ಕೆಡುವುದೇ ಅಲ್ಲಿ. ಮನೆ ಮುಂದೆ ಕೆಂಪು ಅಥವಾ ಗುಲಾಬಿ ಬಟ್ಟೆಯ ಶಾಮಿಯಾನ ಹಾಕಿದರೆ ಬಿಸಿಲು ಆ ಬಟ್ಟೆಯಿಂದ ಸೋಸಿ ಬಂದು ಎಲ್ಲರ ಮುಖ ಕೆಂಪಗಾಗುತ್ತದೆ. ಅರಿಶಿಣ ಹಚ್ಚಿದ ಕೆನ್ನೆ ಇಟ್ಟಂಗಿ ಬಣ್ಣಕ್ಕೆ ತಿರುಗುತ್ತದೆ. ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಸರಿ ಹೋಗುವುದಿಲ್ಲ. ಕೆಂಪು ತೆಗೆದರೆ ಸೀರೆಯ ಬಣ್ಣವೂ ಹೋಗುತ್ತದೆ. ಹಾಗಾಗಿ ಶಾಮಿಯಾನದವರಿಗೆ ಮೊದಲೇ ಫೋನ್ ಮಾಡಿಸುತ್ತೇನೆ. ಅಂಗಳದ ಮೇಲೆ ಬಿಳಿ ಬಟ್ಟೆ ಹಾಕಿ, ಬಣ್ಣದ ಬಟ್ಟೆ ಸುತ್ತಲೂ ಇರಲಿ. ತೆಂಗಿನ ಗರಿಯ ಹಂದರ ನೋಡಲು ಬಲು ಚಂದ. ಆದರೆ ಗರಿ ಸಂದಿಯಿಂದ ಬಿಸಿಲಿನ ಚುಕ್ಕಿಗಳು ಮುಖದ ಮೇಲೆ ಬೀಳುತ್ತವೆ. ಅರಿಶಿಣ ಹಚ್ಚುವ ಮಣೆಯ ಮೇಲಷ್ಟೇ ಇನ್ನೊಂದು ಪದರ ಗರಿ ಹೊದಿಸಿ ಅಂದರೆ ಕೆಲಸ ಮುಗಿಯಿತು.

ಕಲ್ಯಾಣ ಮಂಟಪದಲ್ಲಿ ಕಥೆ ಬೇರೆ. ಅಲ್ಲಿ ಎಲ್‌ಇಡಿ ಲೈಟುಗಳು, ಹಿಂದೆ ಎಲ್‌ಇಡಿ ಗೋಡೆ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಶಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಟ್ಟು ಮುಚ್ಚುವ ಪರದೆ, ಜಾಸ್ತಿ ವೇಗದಲ್ಲಿಟ್ಟರೆ ಫೋಟೋದಲ್ಲಿ ಅಡ್ಡಪಟ್ಟಿ ಬರಬಹುದು. ನಾನು 1/100 ಸೆಕೆಂಡಿನಲ್ಲಿ ಇಡುತ್ತೇನೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸುವುದಿಲ್ಲ, ಅದರಲ್ಲಿ ಪಟ್ಟಿ ಇನ್ನೂ ಜಾಸ್ತಿ. ತಾಳಿ ಕಟ್ಟುವ ಹೊತ್ತಿಗೆ ಹಿಂದಿನ ಗೋಡೆಯ ಬೆಳಕು ಇಳಿಸಿ ಅಂತ ಅದನ್ನು ನಡೆಸುವ ಹುಡುಗನಿಗೆ ಬೆಳಿಗ್ಗೆಯೇ ಹೇಳಿರುತ್ತೇನೆ. ಮೇಕಪ್ ಮಾಡುವವರಿಗೂ ಒಂದು ಮಾತು. ಕೆಲವು ಪೌಡರ್ ಕಣ್ಣಿಗೆ ಚೆನ್ನಾಗಿ ಕಂಡರೂ ಫ್ಲ್ಯಾಶ್ ಬಿದ್ದಾಗ ಮುಖದ ಮೇಲೆ ಬೂದಿ ಬಳಿದ ಹಾಗೆ ಕಾಣುತ್ತದೆ. ಮುಗಿಸುವ ಮೊದಲು ಒಂದು ಫ್ಲ್ಯಾಶ್ ಫೋಟೋ ತೆಗೆದು ತೋರಿಸುತ್ತೇನೆ, ಅವರೇ ಸರಿ ಮಾಡುತ್ತಾರೆ.

ಅಕ್ಕಿಕಾಳಿನ ಹೊತ್ತು ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಗಟ್ಟಿಮೇಳ ಶುರುವಾದ ಕೂಡಲೇ ಇಪ್ಪತ್ತು ಮೊಬೈಲು ಮೇಲೇಳುತ್ತವೆ, ಮದುಮಕ್ಕಳು ಕಾಣುವುದೇ ಇಲ್ಲ. ಇದಕ್ಕೆ ಸೋದರಮಾವನ ಸಹಾಯ ಕೇಳುತ್ತೇನೆ. "ಮಾವಾರ, ನನ್ನ ಮುಂದ ಎರಡು ಮಾರು ಜಾಗ ಬಿಡಸ್ರಿ, ಎರಡ ನಿಮಿಷ ಸಾಕು." ಅವರು ನಿಂತರೆ ಯಾರೂ ದಾಟುವುದಿಲ್ಲ. ಲಗ್ನ ಮಾಡಿಸುವ ಅಯ್ನೋರ ಹತ್ತಿರವೂ ಮೊದಲೇ ಹೋಗಿ ಕೈಮುಗಿದು ಕೇಳುತ್ತೇನೆ, ತಾಳಿ ಎತ್ತಿ ತೋರಿಸಿದಾಗ ಒಂದು ಉಸಿರಿನಷ್ಟು ಹೊತ್ತು ತಡೆಯಿರಿ ಅಂತ. ಇದುವರೆಗೆ ಯಾರೂ ಬೇಡ ಅಂದಿಲ್ಲ. ಬಯಲಲ್ಲಿ, ಹಗಲು ಬೆಳಕಿದ್ದರೆ ಶಟರ್ 1/500. ಅರಿಶಿಣದ ಅಕ್ಕಿ ಒಂದೊಂದು ಕಾಳೂ ಗಾಳಿಯಲ್ಲಿ ನಿಂತ ಹಾಗೆ ಬರುತ್ತದೆ.

ಪ್ರಿ-ವೆಡ್ಡಿಂಗ್ ಕೇಳುವವರು ತುಂಗಭದ್ರೆ ಕಡೆಯ ಸಾಣಾಪುರ, ಆನೆಗುಂದಿ ಅನ್ನುತ್ತಾರೆ. ಜಾಗ ಅಂದರೆ ಅದೇ. ಸಂಜೆ ಸೂರ್ಯ ಇಳಿಯುವಾಗ ಆ ಬಂಡೆಗಳಿಂದ ತಿರುಗಿ ಬರುವ ಬೆಳಕಿಗೆ ಯಾವ ಲೈಟೂ ಸಾಟಿ ಇಲ್ಲ. ಆದರೆ ನೀರಿಗೆ ಯಾರನ್ನೂ ಇಳಿಸುವುದಿಲ್ಲ. ಬಂಡೆ ಜಾರುತ್ತದೆ, ಸೆಳೆತ ಮೇಲೆ ಕಾಣುವುದಿಲ್ಲ. ಗಂಗಾವತಿಯ ಭತ್ತದ ಗದ್ದೆ ಬೇಕಿದ್ದರೆ ಕಾಲುವೆಗೆ ನೀರು ಬಿಟ್ಟು, ನಾಟಿ ಆಗಿ ತಿಂಗಳಾದ ಮೇಲೆ ಬನ್ನಿ, ಹಸಿರು ಆಗ ತುಂಬಿರುತ್ತದೆ. ಇಟಗಿಯ ಮಹಾದೇವ ದೇವಾಲಯ 1112ರದು. ಅದು ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ, ಶೂಟಿಂಗಿಗೆ ಮೊದಲೇ ಅನುಮತಿ ತಗೊಳ್ಳಬೇಕು. ಮದುವೆಗೆ ಮೊದಲು ಹುಡುಗ ಹುಡುಗಿ ಜೊತೆಗೆ ಓಡಾಡುವುದು ಬೇಡ ಅನ್ನುವ ಮನೆಗಳೂ ನಮ್ಮಲ್ಲಿ ಬಹಳ. ನಾನು ಒತ್ತಾಯ ಮಾಡುವುದಿಲ್ಲ. ಹೊಸ ಜೋಡಿ ಹುಲಿಗೆಮ್ಮನ ಗುಡಿಗೋ ಗವಿಮಠಕ್ಕೋ ಹೋಗಿ ಬರುವ ದಿನ ದಾರಿಯಲ್ಲಿ ಅರ್ಧ ತಾಸು ನಿಲ್ಲಿ ಅಂತೇನೆ. ಅಷ್ಟೊತ್ತಿಗೆ ಒಬ್ಬರಿಗೊಬ್ಬರು ಸಂಕೋಚ ಕಳೆದಿರುತ್ತದೆ. ಆ ಫೋಟೋಗಳೇ ನನಗೆ ಜಾಸ್ತಿ ಇಷ್ಟ.

ಮೆಮೊರಿ ಕಾರ್ಡಿನ ವಿಷಯ ಒಂದೇ ಮಾತು. ಎರಡು ಕಾರ್ಡಿಗೂ ಒಟ್ಟಿಗೇ ಬರೆಯುವ ಕ್ಯಾಮೆರಾ, ರಾತ್ರಿಯೇ ಎರಡು ಹಾರ್ಡ್ ಡಿಸ್ಕಿಗೆ ಕಾಪಿ. ಆಲ್ಬಮ್ ಅವರ ಕೈ ಸೇರುವವರೆಗೆ ಏನೂ ಅಳಿಸುವುದಿಲ್ಲ.

ಸಂಜೆ ಹುಡುಗಿಯನ್ನು ಕಳಿಸುವ ಹೊತ್ತಿಗೆ ಫ್ಲ್ಯಾಶ್ ಚೀಲಕ್ಕೆ ಹಾಕುತ್ತೇನೆ. 50 ಎಂಎಂ ಲೆನ್ಸು ಒಂದೇ ಸಾಕು. ಉಡಿ ತುಂಬುವಾಗ ನೆಲಕ್ಕೆ ಕೂತು, ಹುಡುಗಿ ಒಡ್ಡಿದ ಸೆರಗಿನ ಎತ್ತರಕ್ಕೆ ಕ್ಯಾಮೆರಾ ಹಿಡಿಯುತ್ತೇನೆ. ಇಳಕಲ್ ಸೀರೆಯ ಕೆಂಪು ಸೆರಗು, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಕೊಂಬು, ಕುಬಸ. ಅಕ್ಕಿ ಹಾಕುವ ತಾಯಿಯ ಬೊಗಸೆ ನಡುಗುತ್ತಿರುತ್ತದೆ. ಮುಖಕ್ಕೆ ಕ್ಯಾಮೆರಾ ಎತ್ತುವುದಿಲ್ಲ. ಆ ಕೈಗಳನ್ನಷ್ಟೇ ತೆಗೆಯುತ್ತೇನೆ, ಮೂರು ಫೋಟೋ, ನಾಲ್ಕು. ಆಮೇಲೆ ಎದ್ದು ಹೊಸ್ತಿಲಿನ ಆಚೆ ಹೋಗಿ, ಕಾರು ಹತ್ತುವವರ ದಾರಿಗೆ ಅಡ್ಡ ಬರದ ಹಾಗೆ ಗೋಡೆಗೆ ಆತು ನಿಲ್ಲುತ್ತೇನೆ.