ವಂಶಾವಳಿ ಸಮ್ಮೇಳನಕ್ಕೆ ಹೋಗುವ ಮೊದಲು ಅಡ್ಡಹೆಸರಿನ ಹಾಳೆ ಸಿದ್ಧ ಮಾಡಿಕೊಳ್ಳಿ

ವಂಶಾವಳಿ ಸಮ್ಮೇಳನಕ್ಕೆ ಹೋಗುವವರಿಗೆ ಒಂದು ಮಾತು. ‘ನಮ್ಮ ಮನೆತನದ ಬಗ್ಗೆ ಏನಾದ್ರೂ ಸಿಗುತ್ತಾ?’ ಅಂತ ಸುಮ್ನೆ ಕೇಳಿದರೆ ಯಾವ ತಜ್ಞರಿಗೂ ಉತ್ತರ ಹೇಳಲು ಆಗುವುದಿಲ್ಲ. ಅಡ್ಡಹೆಸರು (ಅಂದರೆ ಮನೆತನದ ಹೆಸರು, ಸರ್‌ನೇಮ್), ಊರು, ಸುಮಾರು ಇಸವಿ, ಈಗಾಗಲೇ ನೋಡಿರುವ ದಾಖಲೆಗಳು, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಪೂರ್ತಿ ವಂಶವೃಕ್ಷ ಬಿಚ್ಚಿಟ್ಟರೆ ನಿಮಗೆ ಸಿಕ್ಕ ಸಮಯವೆಲ್ಲ ಅದಕ್ಕೇ ಹೋಗುತ್ತದೆ.

ಅಡ್ಡಹೆಸರಿನ ಸ್ಪೆಲಿಂಗ್ ಅನ್ನು ಜಾಸ್ತಿ ನಂಬಬೇಡಿ. ಹಳೇ ಗುಮಾಸ್ತರು ಎಷ್ಟೋ ಸಲ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ. ಅದಕ್ಕೇ 1918ರಲ್ಲಿ ಪೇಟೆಂಟ್ ಆದ ಸೌಂಡೆಕ್ಸ್ ಪದ್ಧತಿ, ಅಂದರೆ ಇಂಗ್ಲಿಷ್‌ನಲ್ಲಿ ಒಂದೇ ಥರ ಕೇಳಿಸುವ ಹೆಸರುಗಳಿಗೆ ಒಂದೇ ಸಂಕೇತ ಕೊಡುವ ಪದ್ಧತಿ, ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಸ್ಮಿತ್ ಅನ್ನು ‘ಐ’ ಹಾಕಿ ಬರೆದರೂ ‘ವೈ’ ಹಾಕಿ ಬರೆದರೂ ಅದರಲ್ಲಿ ಎಸ್530 ಎಂಬ ಒಂದೇ ಸಂಕೇತ. ಆದರೆ ಮೊದಲ ಅಕ್ಷರವೇ ಬದಲಾದರೆ ಕೈಕೊಡುತ್ತದೆ. ಕ್ರೇಮರ್ ಅನ್ನು ‘ಕೆ’ಯಿಂದ ಹುಡುಕಿದರೆ ‘ಸಿ’ಯಿಂದ ಬರೆದವರು ಸಿಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಹುಡುಕಿ.

ನಿಮ್ಮದು ಅಪರೂಪದ ಹೆಸರಾ? ಒಂದೊಂದೇ ಅಡ್ಡಹೆಸರಿನ ಬೆನ್ನು ಹತ್ತುವವರ ಸಂಘವಾಗಿ 1979ರಲ್ಲಿ ಶುರುವಾದ ಗಿಲ್ಡ್ ಆಫ್ ಒನ್-ನೇಮ್ ಸ್ಟಡೀಸ್‌ನಲ್ಲಿ ಯಾರಾದರೂ ಅದೊಂದೇ ಹೆಸರು ಹಿಡಿದು ಕೂತಿರಬಹುದು, ವಿಚಾರಿಸಿ. ಅಂಥ ಹಠವಾದಿಗಳು ಇದ್ದಾರೆ! ಪ್ರಯಾಣ ಮಾಡಲಾಗದವರು ವಂಶಾವಳಿ ಸಂಸ್ಥೆಯಾದ ಫ್ಯಾಮಿಲಿಸರ್ಚ್ ನಡೆಸುವ ರೂಟ್ಸ್‌ಟೆಕ್ ಸಮ್ಮೇಳನದ ಉಪನ್ಯಾಸಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ನೋಡಬಹುದು.